ಕಚೇರಿ ಸಂವಾದ ತಂತ್ರಾಂಶ: ಸಂಸ್ಥೆ ಕೈ ಬದಲಾದಾಗ ಗ್ರಾಹಕನ ಪಾಡೇನು?

ಪತ್ರ, ತಂತಿ, ದೂರವಾಣಿ, ಫ್ಯಾಕ್ಸ್, ಇ-ಮೇಲ್ ಹೀಗೆ ವ್ಯಾಪಾರದ ಮಾತುಕತೆ ಕಾಲಕಾಲಕ್ಕೆ ಹೊಸ ಸಾಧನಗಳನ್ನು ಆಶ್ರಯಿಸುತ್ತ ಬಂದಿದೆ. ಈ ಸಾಲಿಗೆ ಕಳೆದ ಒಂದು ದಶಕದಲ್ಲಿ ಸೇರಿರುವುದು ಕಚೇರಿ ಸಂವಾದ ತಂತ್ರಾಂಶ. ಒಂದು ಸಂಸ್ಥೆಯ ನೌಕರರೆಲ್ಲರೂ ಗಣಕ ಅಥವಾ ಮೊಬೈಲ್ ಮೂಲಕ ಒಂದೇ ವೇದಿಕೆಯಲ್ಲಿ ಸಂದೇಶ ವಿನಿಮಯ ಮಾಡಿಕೊಳ್ಳಲು ಇದು ಅನುವು ಮಾಡಿಕೊಡುತ್ತದೆ. ಖರೀದಿ, ಉತ್ಪಾದನೆ, ರವಾನೆ, ಲೆಕ್ಕಪತ್ರ ಎಂದು ವಿಷಯವಾರು 'ಚಾನೆಲ್'ಗಳನ್ನು ರಚಿಸಿಕೊಳ್ಳಬಹುದು. ನಕ್ಷೆ, ದರಪಟ್ಟಿ, ಇನ್‌ವಾಯ್ಸ್‌ಗಳನ್ನು ಅಲ್ಲಿಯೇ ಲಗತ್ತಿಸಬಹುದು. ಆರು ತಿಂಗಳ ಹಿಂದೆ ಯಾವ ಗ್ರಾಹಕನಿಗೆ ಯಾವ ದರ ಹೇಳಲಾಗಿತ್ತು ಎಂಬುದನ್ನು ಕ್ಷಣದಲ್ಲಿ ಹುಡುಕಿ ತೆಗೆಯಬಹುದು.

ಅನುಕೂಲ ದೊಡ್ಡದು. ಆದರೆ ಇದರಲ್ಲಿ ಅಡಗಿರುವ ಅವಲಂಬನೆಯೂ ಅಷ್ಟೇ ದೊಡ್ಡದು. ಇಂತಹ ತಂತ್ರಾಂಶವನ್ನು ಯಾರೂ ಪೂರ್ತಿಯಾಗಿ ಕೊಂಡುಕೊಳ್ಳುವುದಿಲ್ಲ. ತಲೆಗೆ ಇಷ್ಟೆಂದು ತಿಂಗಳ ಶುಲ್ಕ ತೆತ್ತು ಬಾಡಿಗೆಗೆ ಪಡೆಯುತ್ತಾರೆ. ಸಂದೇಶಗಳೂ ಕಡತಗಳೂ ತಯಾರಕ ಸಂಸ್ಥೆಯ ಗಣಕಗಳಲ್ಲಿಯೇ ಉಳಿಯುತ್ತವೆ. ಬಾಡಿಗೆ ಮಳಿಗೆಯಲ್ಲಿ ಅಂಗಡಿ ಹೂಡಿ, ಖಾತೆ ಕಿರ್ದಿಗಳನ್ನೂ ಮಾಲೀಕನ ಕಪಾಟಿನಲ್ಲಿ ಇಟ್ಟಂತೆ. ಆ ಕಟ್ಟಡವೇ ಮಾರಾಟವಾದರೆ ಏನಾಗುತ್ತದೆ ಎಂಬುದು ಇಲ್ಲಿಯ ಪ್ರಶ್ನೆ. ಈ ಕ್ಷೇತ್ರದಲ್ಲಿ ಅಂತಹ ಮಾರಾಟಗಳು ಪದೇ ಪದೇ ನಡೆದಿವೆ. ಅವುಗಳಲ್ಲಿ ಅತ್ಯಂತ ದೊಡ್ಡದಾದ ಸ್ಲ್ಯಾಕ್ ಪ್ರಕರಣ ಪ್ರತಿಯೊಬ್ಬ ಉದ್ದಿಮೆದಾರನೂ ಅರಿತಿರಬೇಕಾದದ್ದು.

ಆಟದಿಂದ ಹುಟ್ಟಿದ ಉದ್ದಿಮೆ

ಕೆನಡಾ ಮೂಲದ ಸ್ಟೀವರ್ಟ್ ಬಟರ್‌ಫೀಲ್ಡ್ ಮತ್ತು ಸಂಗಡಿಗರು 2009ರಲ್ಲಿ ಟೈನಿ ಸ್ಪೆಕ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದು ಅಂತರಜಾಲದಲ್ಲಿ ಆಡುವ ಒಂದು ಆಟವನ್ನು ರೂಪಿಸಲು. 'ಗ್ಲಿಚ್' ಎಂಬ ಆ ಆಟ 2011ರಲ್ಲಿ ಬಿಡುಗಡೆಯಾಯಿತಾದರೂ ಸಾಕಷ್ಟು ಆಟಗಾರರು ದೊರೆಯದೆ 2012ರ ಕೊನೆಗೆ ನಿಂತುಹೋಯಿತು. ಆದರೆ ಬೇರೆ ಬೇರೆ ಊರುಗಳಲ್ಲಿದ್ದ ತಮ್ಮ ನೌಕರರು ಪರಸ್ಪರ ಮಾತನಾಡಿಕೊಳ್ಳಲೆಂದು ಅವರು ಸ್ವಂತಕ್ಕಾಗಿ ಕಟ್ಟಿಕೊಂಡಿದ್ದ ಸಂದೇಶ ವ್ಯವಸ್ಥೆ ಉಳಿದಿತ್ತು. ಅದನ್ನೇ ತಿದ್ದಿ 'ಸ್ಲ್ಯಾಕ್' ಎಂಬ ಹೆಸರಿನಲ್ಲಿ 2014ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ತರಲಾಯಿತು. ಮುಖ್ಯ ಸರಕು ಸೋತು ಉಪಉತ್ಪನ್ನ ಗೆದ್ದ ಉದಾಹರಣೆಗಳಲ್ಲಿ ಇದೊಂದು.

2019ರ ಜೂನ್ ತಿಂಗಳಲ್ಲಿ ಸ್ಲ್ಯಾಕ್ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾದಾಗ, ಮೊದಲ ದಿನದ ವಹಿವಾಟಿನ ಕೊನೆಗೆ ಅದರ ಮೌಲ್ಯ 1,900 ಕೋಟಿ ಡಾಲರ್ ದಾಟಿತ್ತು. ಹೊರನೋಟಕ್ಕೆ ಇದು ಸಂಪೂರ್ಣ ಯಶಸ್ಸಿನ ಕಥೆ. ಒಳಗೆ ಪರಿಸ್ಥಿತಿ ಬೇರೆಯೇ ಇತ್ತು. 2020ರ ಜನವರಿಗೆ ಕೊನೆಗೊಂಡ ಹಣಕಾಸು ವರ್ಷದಲ್ಲಿ ಅದರ ವರಮಾನ ಸುಮಾರು 63 ಕೋಟಿ ಡಾಲರ್, ನಷ್ಟ 50 ಕೋಟಿ ಡಾಲರಿಗೂ ಅಧಿಕ. ಇದಕ್ಕೆ ಕಾರಣಗಳು ಹಲವು. ಆದರೆ ಅದರ ಭವಿಷ್ಯವನ್ನು ಮಸುಕುಗೊಳಿಸಿದ್ದು ಒಬ್ಬ ದೈತ್ಯ ಪ್ರತಿಸ್ಪರ್ಧಿ.

'ಉಚಿತ'ವೆಂಬ ಅಸ್ತ್ರ

2016ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 'ಟೀಮ್ಸ್' ಎಂಬ ತನ್ನದೇ ಸಂವಾದ ತಂತ್ರಾಂಶವನ್ನು ಪ್ರಕಟಿಸಿತು. ಅದೇ ದಿನ ಸ್ಲ್ಯಾಕ್ ಅಮೆರಿಕದ ಪ್ರಮುಖ ಪತ್ರಿಕೆಯೊಂದರಲ್ಲಿ ಪೂರ್ಣ ಪುಟದ ಜಾಹೀರಾತು ನೀಡಿ ಹೊಸ ಪ್ರತಿಸ್ಪರ್ಧಿಗೆ ಬಹಿರಂಗ ಸ್ವಾಗತ ಕೋರಿತು. ಆ ಆತ್ಮವಿಶ್ವಾಸ ಬಹುಕಾಲ ಉಳಿಯಲಿಲ್ಲ. ಟೀಮ್ಸ್‌ಗೆ ಪ್ರತ್ಯೇಕ ಬೆಲೆಯೇ ಇರಲಿಲ್ಲ. ವರ್ಡ್, ಎಕ್ಸೆಲ್, ಔಟ್‌ಲುಕ್‌ಗಳಿಗಾಗಿ ಆಫೀಸ್ 365 ಚಂದಾ ತೆರುತ್ತಿದ್ದ ವಾಣಿಜ್ಯ ಗ್ರಾಹಕರಿಗೆ ಅದು ಆ ಕಟ್ಟಿನಲ್ಲಿಯೇ ಸೇರಿ ಬಂದಿತು.

ಬಟ್ಟೆ ಅಂಗಡಿಯವನು ತನ್ನಲ್ಲಿ ಬಟ್ಟೆ ಕೊಂಡವರಿಗೆಲ್ಲ ಹೊಲಿಗೆ ಉಚಿತವೆಂದು ಸಾರಿದರೆ ಪಕ್ಕದ ದರ್ಜಿಯ ಗತಿ ಏನಾದೀತೆಂಬುದನ್ನು ವರ್ತಕರಿಗೆ ವಿವರಿಸಬೇಕಿಲ್ಲ. ದರ್ಜಿಯ ಹೊಲಿಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಗಿರಾಕಿ ಎರಡು ಬಾರಿ ಯೋಚಿಸುತ್ತಾನೆ. ಹೊಲಿಗೆಯ ಖರ್ಚು ಬಟ್ಟೆಯ ಬೆಲೆಯಲ್ಲಿ ಸೇರಿದೆಯೆಂಬುದು ಅವನಿಗೆ ಕಾಣುವುದಿಲ್ಲ. ಮೈಕ್ರೋಸಾಫ್ಟ್ ನೀಡಿದ ಅಂಕಿ ಅಂಶಗಳ ಪ್ರಕಾರ 2019ರ ಜುಲೈನಲ್ಲಿ ಟೀಮ್ಸ್ ಬಳಸುತ್ತಿದ್ದವರು ದಿನಕ್ಕೆ 1.3 ಕೋಟಿ. ಕೋವಿಡ್ ಕಾರಣ ಜಗತ್ತು ಮನೆಯಿಂದ ಕೆಲಸ ಮಾಡತೊಡಗಿದಾಗ ಈ ಸಂಖ್ಯೆ 2020ರ ಏಪ್ರಿಲ್‌ಗೆ 7.5 ಕೋಟಿಗೂ ಅಕ್ಟೋಬರ್‌ಗೆ 11.5 ಕೋಟಿಗೂ ಏರಿತು. 2019ರ ಅಕ್ಟೋಬರ್‌ನಲ್ಲಿ ಸ್ಲ್ಯಾಕ್ ಪ್ರಕಟಿಸಿದ್ದ ತನ್ನ ಬಳಕೆದಾರರ ಸಂಖ್ಯೆ 1.2 ಕೋಟಿ.

2020ರ ಜುಲೈನಲ್ಲಿ ಸ್ಲ್ಯಾಕ್ ಯುರೋಪಿಯನ್ ಆಯೋಗಕ್ಕೆ ದೂರು ಸಲ್ಲಿಸಿತು. ಒಂದು ಮಾರುಕಟ್ಟೆಯಲ್ಲಿನ ಪ್ರಾಬಲ್ಯವನ್ನು ಬಳಸಿ ಮತ್ತೊಂದು ಸರಕನ್ನು ಗ್ರಾಹಕರಿಗೆ ಅಂಟಿಸುವುದು ನ್ಯಾಯಸಮ್ಮತ ಪೈಪೋಟಿ ಅಲ್ಲವೆಂಬುದು ದೂರಿನ ಸಾರ. ಆದರೆ ವಿಚಾರಣೆಗೆ ಕಾಲ ಹಿಡಿಯುತ್ತದೆ, ವ್ಯಾಪಾರ ಕಾಯುವುದಿಲ್ಲ. 2020ರ ಡಿಸೆಂಬರ್ 1ರಂದು ಸೇಲ್ಸ್‌ಫೋರ್ಸ್ ಸಂಸ್ಥೆ ಸ್ಲ್ಯಾಕ್ ಅನ್ನು ಸುಮಾರು 2,770 ಕೋಟಿ ಡಾಲರ್‌ಗೆ, ಅಂದಿನ ವಿನಿಮಯ ದರದಲ್ಲಿ ಸುಮಾರು ಎರಡು ಲಕ್ಷ ಕೋಟಿ ರೂಪಾಯಿಗಳಿಗೆ, ಕೊಳ್ಳುವುದಾಗಿ ಘೋಷಿಸಿತು. ಅಮೆರಿಕದ ನ್ಯಾಯ ಇಲಾಖೆಯ ಪರಿಶೀಲನೆಯ ಬಳಿಕ 2021ರ ಜುಲೈನಲ್ಲಿ ಸ್ವಾಧೀನ ಪೂರ್ಣಗೊಂಡಿತು. ಒಂದು ದೈತ್ಯನ ಎದುರು ನಿಲ್ಲಲು ಇನ್ನೊಂದು ದೈತ್ಯನ ಆಶ್ರಯ ಪಡೆದಂತಾಯಿತು.

ಮಾರಾಟವಾದವುಗಳ ಗತಿ

ದೊಡ್ಡ ಸಂಸ್ಥೆಗಳು ಸಣ್ಣವನ್ನು ಕೊಳ್ಳುವುದಕ್ಕೆ ಮೂರು ಮುಖ್ಯ ಉದ್ದೇಶಗಳಿರುತ್ತವೆ: ಉತ್ಪನ್ನ, ಪ್ರತಿಭೆ ಹಾಗೂ ಗ್ರಾಹಕರು. ನಮ್ಮ ಬೆಂಗಳೂರಿನ ಲಿಟಲ್ ಐ ಲ್ಯಾಬ್ಸ್ ಅನ್ನು 2014ರಲ್ಲಿ ಫೇಸ್‌ಬುಕ್, ಹಳ್ಳಿ ಲ್ಯಾಬ್ಸ್ ಅನ್ನು 2017ರಲ್ಲಿ ಗೂಗಲ್ ಕೊಂಡದ್ದು ಬಹುಮಟ್ಟಿಗೆ ಅಲ್ಲಿನ ಪರಿಣತರಿಗಾಗಿ. ಸಂಸ್ಥಾಪಕರಿಗೆ ಇಂತಹ ಮಾರಾಟ ಹಲವು ವೇಳೆ ಒಳ್ಳೆಯ ಪ್ರತಿಫಲವೇ. ಗ್ರಾಹಕನ ದೃಷ್ಟಿಯಿಂದ ನೋಡಿದಾಗ ಫಲ ಬೇರೆ ಬೇರೆಯಾಗಿರುತ್ತದೆ.

ಮೊದಲನೆಯದು, ಉತ್ಪನ್ನವೇ ಮುಚ್ಚಿಹೋಗುವುದು. ಸ್ಲ್ಯಾಕ್‌ಗಿಂತ ಮೊದಲು ಜನಪ್ರಿಯವಾಗಿದ್ದ ಹಿಪ್‌ಚಾಟ್ ಅನ್ನು ಆಸ್ಟ್ರೇಲಿಯಾದ ಅಟ್ಲಾಸಿಯನ್ 2012ರಲ್ಲಿ ಕೊಂಡಿತು. 2018ರ ಜುಲೈನಲ್ಲಿ ಅದೇ ಅಟ್ಲಾಸಿಯನ್ ಆ ತಂತ್ರಾಂಶದ ಹಕ್ಕುಗಳನ್ನು ಸ್ಲ್ಯಾಕ್‌ಗೆ ಮಾರಿತು. ಸ್ಲ್ಯಾಕ್ ಅದನ್ನು ಕೊಂಡದ್ದು ನಡೆಸಲಿಕ್ಕಲ್ಲ; 2019ರ ಫೆಬ್ರವರಿಯಲ್ಲಿ ಸೇವೆ ಸ್ಥಗಿತಗೊಂಡಿತು. ಗ್ರಾಹಕರಿಗೆ ಸಿಕ್ಕ ಅವಧಿ ಏಳು ತಿಂಗಳಿಗಿಂತ ಕಡಿಮೆ. ಮುಂದೆ ತಾನೇ ಮಾರಾಟವಾಗಲಿದ್ದ ಸ್ಲ್ಯಾಕ್ ಇಲ್ಲಿ ಕೊಳ್ಳುವವನ ಪಾತ್ರ ವಹಿಸಿತ್ತೆಂಬುದು ಗಮನಾರ್ಹ.

ಎರಡನೆಯದು, ನಿಧಾನವಾಗಿ ಕರಗಿಹೋಗುವುದು. ಮೈಕ್ರೋಸಾಫ್ಟ್ 2012ರಲ್ಲಿ 120 ಕೋಟಿ ಡಾಲರ್‌ಗೆ ಕೊಂಡ ಯಾಮರ್ 2023ರಲ್ಲಿ ತನ್ನ ಹೆಸರನ್ನು ಕಳೆದುಕೊಂಡು ಬೇರೊಂದು ಉತ್ಪನ್ನ ಸಾಲಿನ ಭಾಗವಾಯಿತು. 2011ರಲ್ಲಿ 850 ಕೋಟಿ ಡಾಲರ್‌ಗೆ ಕೊಂಡ ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ಅದರ ಬಳಕೆದಾರರನ್ನು ಟೀಮ್ಸ್‌ಗೆ ಬರುವಂತೆ ಕೋರಲಾಯಿತು.

ಮೂರನೆಯದು, ಸೇವೆ ಮುಂದುವರಿದರೂ ಷರತ್ತುಗಳು ಬದಲಾಗುವುದು. ಸ್ಲ್ಯಾಕ್‌ನ ವಿಷಯದಲ್ಲಿ ಆದದ್ದು ಇದು. 2022ರ ಸೆಪ್ಟೆಂಬರ್‌ನಲ್ಲಿ ಅದರ ಪ್ರೊ ಯೋಜನೆಯ ಮಾಸಿಕ ದರ ತಲೆಗೆ 8 ಡಾಲರಿನಿಂದ 8.75 ಡಾಲರಿಗೆ ಏರಿತು. ಅದೇ ವೇಳೆ ಉಚಿತ ಯೋಜನೆಯಲ್ಲಿ ಕಡೆಯ 10,000 ಸಂದೇಶಗಳನ್ನು ನೋಡುವ ಅವಕಾಶ ರದ್ದಾಗಿ, ಕಡೆಯ 90 ದಿನಗಳ ಸಂದೇಶಗಳಿಗೆ ಮಾತ್ರ ಸೀಮಿತವಾಯಿತು. 2024ರ ಆಗಸ್ಟ್‌ನಿಂದ ಉಚಿತ ಯೋಜನೆಯಲ್ಲಿ ಒಂದು ವರ್ಷಕ್ಕಿಂತ ಹಳೆಯದಾದ ಸಂದೇಶ ಮತ್ತು ಕಡತಗಳನ್ನು ಅಳಿಸಿಹಾಕುವ ಕ್ರಮವೂ ಜಾರಿಗೆ ಬಂದಿತು. ಸಣ್ಣ ಉದ್ದಿಮೆಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಉಚಿತ ಯೋಜನೆಯನ್ನೇ ಎಂಬುದನ್ನು ಇಲ್ಲಿ ನೆನೆಯಬೇಕು.

ಕಾನೂನಿನ ರಕ್ಷಣೆ ಎಷ್ಟು?

ಸ್ವಾಧೀನಗಳ ಮೇಲೆ ಕಣ್ಣಿಡಲು ಎಲ್ಲ ಪ್ರಮುಖ ರಾಷ್ಟ್ರಗಳಲ್ಲಿಯೂ ಪೈಪೋಟಿ ಕಾನೂನುಗಳಿವೆ. ಆದರೆ ಬಹುಕಾಲ ಅವುಗಳಲ್ಲಿ ಹಲವುಗಳ ಅಳತೆಗೋಲು ಸಂಸ್ಥೆಗಳ ಆಸ್ತಿ ಅಥವಾ ವಹಿವಾಟು ಆಗಿತ್ತು. ಕೋಟ್ಯಂತರ ಬಳಕೆದಾರರಿದ್ದರೂ ವರಮಾನವಿಲ್ಲದ ಸಂಸ್ಥೆ ಈ ಜರಡಿಯಲ್ಲಿ ಸೋಸಿಹೋಗುತ್ತಿತ್ತು. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್‌ಗೆ ವಾಟ್ಸ್‌ಆ್ಯಪ್ ಕೊಳ್ಳುವುದಾಗಿ ಪ್ರಕಟಿಸಿದಾಗ ಅದರ ವಹಿವಾಟು ಯುರೋಪಿನ ಮಿತಿಯನ್ನು ಮುಟ್ಟಿರಲಿಲ್ಲ. ಬೇರೊಂದು ನಿಯಮದ ಮೂಲಕ ಮಾತ್ರ ಯುರೋಪಿಯನ್ ಆಯೋಗ ಅದನ್ನು ಪರಿಶೀಲಿಸಿ ಒಪ್ಪಿಗೆ ನೀಡಿತು. ಎರಡೂ ಸೇವೆಗಳ ಖಾತೆಗಳನ್ನು ತಾನಾಗಿ ಜೋಡಿಸುವುದು ಸಾಧ್ಯವಿಲ್ಲವೆಂದು ಆಗ ತಪ್ಪು ಮಾಹಿತಿ ನೀಡಿದ್ದಕ್ಕಾಗಿ 2017ರಲ್ಲಿ ಫೇಸ್‌ಬುಕ್‌ಗೆ 11 ಕೋಟಿ ಯುರೋ ದಂಡ ಬಿದ್ದಿತು. ಒಪ್ಪಂದ ಮಾತ್ರ ಹಾಗೆಯೇ ಉಳಿಯಿತು.

ಭಾರತವೂ ಈ ಲೋಪವನ್ನು ಗುರುತಿಸಿದೆ. ಪೈಪೋಟಿ ಕಾಯ್ದೆಗೆ 2023ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಒಪ್ಪಂದದ ಮೌಲ್ಯ 2,000 ಕೋಟಿ ರೂಪಾಯಿ ಮೀರಿದ್ದು, ಮಾರಾಟವಾಗುವ ಸಂಸ್ಥೆಗೆ ಭಾರತದಲ್ಲಿ ಗಣನೀಯ ವ್ಯವಹಾರವಿದ್ದರೆ ಭಾರತೀಯ ಸ್ಪರ್ಧಾ ಆಯೋಗದ ಪೂರ್ವಾನುಮತಿ ಅಗತ್ಯ. ಈ ನಿಯಮ 2024ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ವಾಟ್ಸ್‌ಆ್ಯಪ್‌ನ 2021ರ ಖಾಸಗಿತನ ನೀತಿಗೆ ಸಂಬಂಧಿಸಿ ಆಯೋಗವು 2024ರ ನವೆಂಬರ್‌ನಲ್ಲಿ ಮೆಟಾ ಸಂಸ್ಥೆಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ನಮ್ಮ ಬಹುಪಾಲು ವರ್ತಕರಿಗೆ ವಾಟ್ಸ್‌ಆ್ಯಪ್ ಗುಂಪೇ ಕಚೇರಿ ಸಂವಾದದ ವೇದಿಕೆಯಾಗಿರುವುದರಿಂದ ಇದು ದೂರದ ಸುದ್ದಿಯಲ್ಲ.

ಸ್ಲ್ಯಾಕ್ ನೀಡಿದ್ದ ದೂರಿಗೂ ಕೊನೆಗೆ ಫಲ ದೊರೆಯಿತು. ಮೈಕ್ರೋಸಾಫ್ಟ್ 2023ರಲ್ಲಿ ಯುರೋಪಿನಲ್ಲಿಯೂ 2024ರ ಏಪ್ರಿಲ್‌ನಲ್ಲಿ ಜಗತ್ತಿನೆಲ್ಲೆಡೆಯೂ ಟೀಮ್ಸ್ ಅನ್ನು ಆಫೀಸ್ ಕಟ್ಟಿನಿಂದ ಬೇರ್ಪಡಿಸಿ ಮಾರತೊಡಗಿತು. 2025ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಆಯೋಗವು ಮೈಕ್ರೋಸಾಫ್ಟ್‌ನ ವಚನಗಳನ್ನು ಅಂಗೀಕರಿಸಿತು: ಟೀಮ್ಸ್ ಇಲ್ಲದ ಕಟ್ಟನ್ನು ಕಡಿಮೆ ಬೆಲೆಗೆ ಕೊಡುವುದು, ಪ್ರತಿಸ್ಪರ್ಧಿ ತಂತ್ರಾಂಶಗಳು ತನ್ನ ಉತ್ಪನ್ನಗಳೊಡನೆ ಹೊಂದಿಕೊಳ್ಳಲು ಅವಕಾಶ ನೀಡುವುದು, ಗ್ರಾಹಕರು ತಮ್ಮ ಸಂದೇಶಗಳನ್ನು ಟೀಮ್ಸ್‌ನಿಂದ ಹೊರತೆಗೆದುಕೊಂಡು ಹೋಗಲು ಬಿಡುವುದು. ದೂರು ಸಲ್ಲಿಕೆಯಾಗಿ ಐದು ವರ್ಷ ಕಳೆದಿತ್ತು. ದೂರುದಾರ ಸಂಸ್ಥೆ ಮಾರಾಟವಾಗಿ ನಾಲ್ಕು ವರ್ಷವಾಗಿತ್ತು. ಕಾನೂನು ಮಾರುಕಟ್ಟೆಯನ್ನು ಸರಿಪಡಿಸಬಲ್ಲದು, ಆದರೆ ಗ್ರಾಹಕನಿಗೆ ಬೇಕಾದ ಹೊತ್ತಿಗೆ ಅಲ್ಲ.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

1. ದಾಖಲೆಯ ಅವಧಿ: ಜಿ.ಎಸ್.ಟಿ. ಕಾಯ್ದೆಯ ಪ್ರಕಾರ ಲೆಕ್ಕಪತ್ರ ಹಾಗೂ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಕಾಯ್ದಿಡಬೇಕು. ಒಂದು ವರ್ಷಕ್ಕೆ ಸಂದೇಶ ಅಳಿಸುವ ತಂತ್ರಾಂಶದಲ್ಲಿ ಇನ್‌ವಾಯ್ಸ್, ಡೆಲಿವರಿ ಚಲನ್‌ಗಳ ಏಕೈಕ ಪ್ರತಿಯನ್ನು ಇಡುವುದು ಅಪಾಯಕರ. ಸಂವಾದದಲ್ಲಿ ಬಂದ ಪ್ರತಿ ವಾಣಿಜ್ಯ ದಾಖಲೆಯನ್ನೂ ಅಂದೇ ಸ್ವಂತ ಗಣಕಕ್ಕೆ ಇಳಿಸಿಕೊಳ್ಳುವುದು ಒಳಿತು.

2. ಹೊರದಾರಿ: ತಂತ್ರಾಂಶಕ್ಕೆ ಸೇರುವ ಮೊದಲೇ ಅದರಿಂದ ಹೊರಬರುವ ಬಗೆಯನ್ನು ಪರೀಕ್ಷಿಸಬೇಕು. ಕೆಲವು ಯೋಜನೆಗಳಲ್ಲಿ ಸಾರ್ವಜನಿಕ ಚಾನೆಲ್‌ಗಳ ಸಂದೇಶಗಳನ್ನಷ್ಟೇ ಸುಲಭವಾಗಿ ಹೊರತೆಗೆಯಬಹುದು. ಹೊರತೆಗೆದ ಪ್ರತಿಯಲ್ಲಿ ಕಡತಗಳ ಬದಲು ಅವುಗಳ ಕೊಂಡಿ ಮಾತ್ರ ಇರುವುದೂ ಉಂಟು. ಮೂಲ ಸೇವೆ ನಿಂತ ದಿನ ಆ ಕೊಂಡಿಗೆ ಬೆಲೆಯಿಲ್ಲ.

3. ಕರಾರು: ಸಂಸ್ಥೆ ಕೈ ಬದಲಾದರೆ ಒಪ್ಪಂದ ಹೊಸ ಮಾಲೀಕನಿಗೆ ವರ್ಗವಾಗುತ್ತದೆಂಬ ವಾಕ್ಯ ಇಂತಹ ಕರಾರುಗಳಲ್ಲಿ ಸಾಮಾನ್ಯ. ದರ ಬದಲಾವಣೆಗೂ ಸೇವೆ ನಿಲುಗಡೆಗೂ ಎಷ್ಟು ದಿನಗಳ ಮುನ್ಸೂಚನೆ ಇದೆಯೆಂಬುದನ್ನು ಓದಿಕೊಳ್ಳಬೇಕು.

4. ಪರ್ಯಾಯ: ಆಯ್ಕೆಗಳು ಇಲ್ಲದಿಲ್ಲ. ತಮಿಳುನಾಡಿನ ಜೋಹೋ ಸಂಸ್ಥೆಯ ಕ್ಲಿಕ್ ಇದೆ. ಸ್ವಂತ ಗಣಕದಲ್ಲಿ ಸ್ಥಾಪಿಸಿಕೊಳ್ಳಬಹುದಾದ ಮ್ಯಾಟರ್‌ಮೋಸ್ಟ್, ಜುಲಿಪ್‌ಗಳಿವೆ. ಜುಲಿಪ್ ಅನ್ನು 2014ರಲ್ಲಿ ಡ್ರಾಪ್‌ಬಾಕ್ಸ್ ಕೊಂಡಿತ್ತು. 2015ರಲ್ಲಿ ಅದರ ಮೂಲ ಸಂಕೇತ ಮುಕ್ತವಾಗಿ ಬಿಡುಗಡೆಯಾದ್ದರಿಂದ ಅದು ಮುಚ್ಚದೆ ಬದುಕಿ ಉಳಿಯಿತು. ಆದರೆ ಸ್ವಂತ ಗಣಕದಲ್ಲಿ ನಡೆಸಲು ಬಲ್ಲವರೊಬ್ಬರ ನೆರವು ಬೇಕು, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದೊಡ್ಡ ಸಂಸ್ಥೆಗಳು ಸಣ್ಣವನ್ನು ಕೊಳ್ಳುವುದನ್ನು ತಡೆಯುವುದು ಸಣ್ಣ ಉದ್ದಿಮೆದಾರನ ಕೈಯಲ್ಲಿಲ್ಲ. ಕೊಳ್ಳುವಿಕೆಯೆಲ್ಲ ಕೆಡುಕೆಂದೂ ಹೇಳಲಾಗದು. ದೊಡ್ಡ ಬಂಡವಾಳ ಬಂದು ಸೇವೆ ಸುಧಾರಿಸಿದ ನಿದರ್ಶನಗಳೂ ಇವೆ. ಆದರೆ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಡೆಯುವ ಚೌಕಾಸಿಯಲ್ಲಿ ಬಳಕೆದಾರನಿಗೆ ಆಸನವಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ, ತನ್ನ ದರಪಟ್ಟಿ, ಆದೇಶ, ಲೆಕ್ಕಗಳ ಪ್ರತಿ ತನ್ನ ಕಪಾಟಿನಲ್ಲಿಯೂ ಇರುವಂತೆ ಇಂದೇ ನೋಡಿಕೊಳ್ಳುವುದು ವಿವೇಕದ ಕ್ರಮ. ತಂತ್ರಾಂಶ ಬಾಡಿಗೆಯದ್ದಾದರೂ ದಾಖಲೆ ಸ್ವಂತದ್ದಾಗಿರಲಿ.