ಕೊಟ್ಟಿಗೆ ಅಟ್ಟದ ಮೇಲಿನ ಹಳೇ ಬ್ಯಾಟರಿ ಸೆಲ್ಲು

ಹಾಲಿನ ಪತ್ರಿಕೆಯಲ್ಲಿ ಬ್ಯಾಟರಿ ವಿಷಯ ಯಾಕೆ ಎನ್ನಬೇಡಿ, ತಾಯಂದಿರೇ. ಅಕ್ಕಿಹೆಬ್ಬಾಳು ಸುತ್ತಮುತ್ತಲ ಮನೆಗಳಿಗೂ ಲಿಥಿಯಂ ಬ್ಯಾಟರಿ ಬಂದಿದೆ: ಔಷಧಿ ಹೊಡೆಯುವ ಪಂಪು, ಬೆಳಗಿನ ಜಾವ ಹಾಲು ಕರೆಯುವಾಗ ಹಿಡಿಯುವ ಟಾರ್ಚು, ಎಲೆಕ್ಟ್ರಿಕ್ ಸ್ಕೂಟರು. ಹಳೇ ಪ್ಯಾಕನ್ನು ಹುಡುಗರು ಬಿಚ್ಚಿ ಒಳ್ಳೇ ಸೆಲ್ಲು ಆರಿಸಿಕೊಳ್ಳುತ್ತಾರೆ. ಕೆಟ್ಟವು ಒಂದು ಡಬ್ಬಕ್ಕೆ ಬಿದ್ದು ಕೊಟ್ಟಿಗೆ ಅಟ್ಟ ಸೇರುತ್ತವೆ. ಅಲ್ಲೇ ಒಣಹುಲ್ಲು, ಕೆಳಗೆ ಹಸು. ದಿನಕ್ಕೆರಡು ಹೊತ್ತು ಕೊಟ್ಟಿಗೆಯಲ್ಲಿ ಇರುವವರು ನೀವು.

ಈ ಸೆಲ್ಲು ನೋಡಲು ಟಾರ್ಚಿನ ಸೆಲ್ಲಿನ ಹಾಗೇ ಇರುತ್ತದೆ. ಹೆಚ್ಚಾಗಿ ಸಿಗುವುದು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ್ದು. ಒಳಗೆ ಎರಡು ತೆಳು ಲೋಹದ ಹಾಳೆ, ನಡುವೆ ಪ್ಲಾಸ್ಟಿಕ್ ಪೊರೆ, ಬೇಗ ಹೊತ್ತಿಕೊಳ್ಳುವ ದ್ರವ. ಪ್ಯಾಕ್ ಬಿಚ್ಚುವಾಗ ಸ್ಕ್ರೂಡ್ರೈವರ್ ತಗುಲಿ ಸೆಲ್ಲು ತಗ್ಗಾದರೆ ಪೊರೆ ಹರಿಯಬಹುದು. ಆಗ ಹಾಳೆಗಳು ಒಂದಕ್ಕೊಂದು ತಾಗಿ ಶಾಖ ಹುಟ್ಟುತ್ತದೆ, ಶಾಖದಿಂದ ಇನ್ನೂ ಶಾಖ ಏರುತ್ತದೆ, ಪಕ್ಕದ ಸೆಲ್ಲಿಗೂ ಹಬ್ಬುತ್ತದೆ. ಪೆಟ್ಟು ಬಿದ್ದ ಕೂಡಲೇ ಆಗಬೇಕೆಂದಿಲ್ಲ, ದಿನಗಳು ಕಳೆದ ಮೇಲೂ ಆಗಬಹುದು. ನಮ್ಮ ಜಿಲ್ಲೆಯಲ್ಲೇ, ಶ್ರೀರಂಗಪಟ್ಟಣ ತಾಲ್ಲೂಕಿನ ಅಲ್ಲಾಪಟ್ಟಣದ ಕಡೆ, ಬಂಡೆಯಲ್ಲಿ ಲಿಥಿಯಂ ಇರುವುದು ಪತ್ತೆಯಾಗಿದೆ. ಬಂಡೆಯಲ್ಲಿರುವಾಗ ಅದು ತಣ್ಣಗೇ ಇರುತ್ತದೆ!

ಊದಿದ್ದು, ತಗ್ಗಾದದ್ದು, ಮೇಲಿನ ಸುತ್ತು ಹರಿದದ್ದು, ಉಗುರು ಬಣ್ಣದಂಥ ವಾಸನೆ ಬರುವಂಥದ್ದು, ಸುಮ್ಮನೆ ಇಟ್ಟಿದ್ದರೂ ಬೆಚ್ಚಗಿರುವಂಥದ್ದು ಕೆಟ್ಟ ಸೆಲ್ಲು. "ಚಾರ್ಜಿಗೆ ಹಾಕಿ ನೋಡ್ತೀನಮ್ಮ" ಎಂದು ಮಗ ಹೇಳಿದರೆ ಬಿಡಬೇಡಿ. 2 ವೋಲ್ಟಿಗಿಂತ ಕೆಳಗಿಳಿದು ಬಹಳ ದಿನ ಬಿದ್ದಿದ್ದ ಸೆಲ್ಲಿನಲ್ಲಿ ತಾಮ್ರದ ಹಾಳೆ ಕರಗಿರಬಹುದು. ಮತ್ತೆ ಚಾರ್ಜು ಮಾಡಿದಾಗ ಆ ತಾಮ್ರವೇ ಒಳಗೆ ಶಾರ್ಟ್ ಮಾಡುತ್ತದೆ.

ತಣ್ಣಗಿರುವ ಸೆಲ್ಲಾದರೆ ಕೈಗವಸು ಹಾಕಿಕೊಂಡು ಎರಡೂ ತುದಿಗೆ ಇನ್ಸುಲೇಷನ್ ಟೇಪು ಸುತ್ತಿ. ಮಣ್ಣಿನ ಮಡಕೆಗೆ ಒಣ ಮರಳು ಹಾಕಿ, ಒಂದಕ್ಕೊಂದು ತಾಗದಂತೆ ಹೂತಿಡಿ. ಬಾಯಿ ಬಿಗಿಯಾಗಿ ಮುಚ್ಚಬೇಡಿ. ಮಳೆ ಬೀಳದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ, ಕೊಟ್ಟಿಗೆ ಮತ್ತು ಹುಲ್ಲಿನ ಮೆದೆಯಿಂದ ದೂರ ಇರಲಿ. ಹಳೇ ಹಾಲಿನ ಕ್ಯಾನು ಬೇಡವೇ ಬೇಡ. ತಿಪ್ಪೆಗೆ ಎಸೆಯಬೇಡಿ, ಕಬ್ಬಿನ ತರಗಿನ ಜೊತೆ ಸುಡಬೇಡಿ. ಸೋರಿದ ದ್ರವ ಕೈಗೆ ತಾಗಿದರೆ ಹದಿನೈದು ನಿಮಿಷಕ್ಕೂ ಹೆಚ್ಚು ಹೊತ್ತು ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ, ಆ ಕೈಯಲ್ಲಿ ಕೆಚ್ಚಲು ಮುಟ್ಟಬೇಡಿ. ಅದು ಬಿದ್ದ ಮೇವನ್ನು ದನಕ್ಕೆ ಹಾಕಬೇಡಿ.

ಸೆಲ್ಲು ಬಿಸಿಯಾಗಿದ್ದರೆ, ಸುಸ್ಸೆಂದರೆ, ಹೊಗೆಯಾಡಿದರೆ ಮುಟ್ಟಲೇಬೇಡಿ. ಹೊಗೆ ವಿಷ. ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಹತ್ತಿರ ಹೋಗಲು ಆಗುವಂತಿದ್ದರೆ ಮಾತ್ರ ಕಣ್ಣಿ ಬಿಚ್ಚಿ ದನ ಬಿಡಿ, 112ಕ್ಕೆ ಫೋನ್ ಮಾಡಿ. ಲಿಥಿಯಂ ಬೆಂಕಿಗೆ ನೀರು ಹಾಕಬಾರದು ಎನ್ನುವವರಿದ್ದಾರೆ. ಈ ಸೆಲ್ಲುಗಳ ಮಟ್ಟಿಗೆ ಆ ಮಾತು ತಪ್ಪು, ಶಾಖ ಇಳಿಸುವುದು ನೀರೇ. ಮೇನ್ ಸ್ವಿಚ್ ಆರಿಸಿ, ಗಾಳಿ ಬರುವ ಕಡೆ ದೂರ ನಿಂತು ಪೈಪಿನಲ್ಲಿ ಧಾರಾಳವಾಗಿ ಹಾಯಿಸಿ. ಆರಿದಂತೆ ಕಂಡರೂ ಮತ್ತೆ ಹೊತ್ತಬಹುದು.

ಗುಜರಿಯವರಿಗೆ ಕೊಟ್ಟರೆ ಮೂಟೆಯಲ್ಲಿ ಜಜ್ಜಿಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಪಂಪು, ಸ್ಕೂಟರು ಕೊಂಡ ಅಂಗಡಿಯಲ್ಲೇ ಕೇಳಿ. ಬಸ್ಸಿನಲ್ಲಿ ಚೀಲಕ್ಕೆ ಹಾಕಿಕೊಂಡು ಹೋಗಬೇಡಿ. ಸೆಲ್ಲು ಊದಿದೆ ಎಂದು ಮೊದಲೇ ಫೋನಿನಲ್ಲಿ ತಿಳಿಸಿ, ಹೇಗೆ ತರಬೇಕೆಂದು ಅವರಿಂದಲೇ ಹೇಳಿಸಿಕೊಳ್ಳಿ.