ಸ್ಟ್ರಾಬೆರಿಗೆ ಬೂಷ್ಟು: ಔಷಧಿಗೆ ಮೊದಲು ರೋಗದ ಗುರುತು

ಡಿಸೆಂಬರ್ ಬಂತೆಂದರೆ ಮುಂಬಯಿಯ ನಮ್ಮ ಕನ್ನಡ ಸಂಘಗಳ ಬಸ್ಸುಗಳು ಮಹಾಬಲೇಶ್ವರದ ಘಾಟಿ ಹತ್ತುತ್ತವೆ. ಕೃಷ್ಣೆ ಹುಟ್ಟುವ ಜಾಗದಲ್ಲಿ ಕೈಮುಗಿದು, ಪಂಚಗಣಿಯ ದಾರಿಯಲ್ಲಿ ಸ್ಟ್ರಾಬೆರಿ ಡಬ್ಬಿ ಕೊಂಡು ಮರಳುತ್ತೇವೆ. ಮನೆಯಲ್ಲಿ ಡಬ್ಬಿ ತೆರೆದರೆ ಅಡಿಯ ಎರಡು ಹಣ್ಣಿಗೆ ಬೂದು ಬಣ್ಣದ ಬೂಷ್ಟು. ರೈತ ಮೋಸ ಮಾಡಿದನೆಂದು ಬೈಯುತ್ತೇವೆ. ನಾನೂ ಬೈದವನೇ. ಸಾತಾರಾ ಜಿಲ್ಲೆಯ ಒಂದು ಶಾಖೆಗೆ ವರ್ಗವಾಗಿ, ಬೆಳೆಸಾಲದ ಕಡತಗಳು ನನ್ನ ಮೇಜಿಗೆ ಬಂದ ಮೇಲೆ ಬೈಯುವುದನ್ನು ಬಿಟ್ಟೆ.

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ಗುಮಾಸ್ತನಿಗೆ ಗಿಡದ ರೋಗದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣ ಒಬ್ಬ ರೈತರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಒಂದು ವರ್ಷ ಅವರ ಗಿಡಗಳು ಮಧ್ಯಾಹ್ನ ಬಾಡಿ, ಸಂಜೆ ಚೇತರಿಸಿಕೊಳ್ಳುತ್ತಿದ್ದವು. ಅಂಗಡಿಯವರು ಎಲೆಗೆ ಹೊಡೆಯುವ ಪುಡಿ ಕೊಟ್ಟರು. ಮೂರು ಸಲ ಹೊಡೆದರೂ ಗಿಡ ಸತ್ತವು. ಕೊನೆಗೆ ಒಂದು ಗಿಡ ಕಿತ್ತು ಬುಡವನ್ನು ಸೀಳಿದರೆ, ಬೆಳ್ಳಗಿರಬೇಕಾದ ಒಳಭಾಗ ಕಂದು ಬಣ್ಣಕ್ಕೆ ತಿರುಗಿತ್ತು. "ಸಾಹೇಬ, ರೋಗ ಬುಡದಲ್ಲಿತ್ತು, ನಾನು ಎಲೆಗೆ ದುಡ್ಡು ಸುರಿದೆ" ಎಂದರು. ಆ ವರ್ಷ ಸಾಲ ಗಡುವಿಗೆ ತೀರಲಿಲ್ಲ. ನೋಟಿಸು ತಯಾರಿಸಿದವನು ನಾನೇ.

ಮಹಾಬಲೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ದೇಶದ ಸ್ಟ್ರಾಬೆರಿಯ ಬಹುಪಾಲು ಬರುವುದು ಈ ಬೆಟ್ಟದ ಸಾಲಿನಿಂದಲೇ. ಮಳೆಗಾಲದಲ್ಲಿ 5 ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಊರಿದು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಸಿ ನೆಟ್ಟರೆ ನವೆಂಬರ್ ಕೊನೆಯಿಂದ ಹಣ್ಣು ಶುರು. ಮಣ್ಣಿನ ತೇವ, ಚಳಿಗಾಲದ ಇಬ್ಬನಿ, ನಡುವೆ ಅಕಾಲ ಮಳೆ ಇವೆಲ್ಲ ಶಿಲೀಂಧ್ರಕ್ಕೆ ಹಬ್ಬ.

ಎಲ್ಲಿ, ಏನು ನೋಡಬೇಕು?

ಹಣ್ಣಿನ ಮೇಲೆ ಬೂದು ಹತ್ತಿಯಂಥ ಬೂಷ್ಟು ಕಂಡರೆ ಅದು ಬೊಟ್ರೈಟಿಸ್. ಇದು ಹೆಚ್ಚಾಗಿ ಹೂವಿನಲ್ಲೇ ಒಳಸೇರಿ, ಸುಮ್ಮನಿದ್ದು, ಹಣ್ಣು ಕೆಂಪಾಗುವಾಗ ಹೊರಗೆ ಕಾಣಿಸುತ್ತದೆ. ಲೆಡ್ಜರಿನ ಮೊತ್ತ ತಾಳೆಯಾಗದಿದ್ದರೆ ತಪ್ಪು ನಡೆದದ್ದು ಹಿಂದಿನ ಪುಟದಲ್ಲಿ ಇರುವ ಹಾಗೆ. ಆದ್ದರಿಂದ ಎಚ್ಚರ ಬೇಕಾದದ್ದು ಹೂ ಬಿಡುವ ಸಮಯದಲ್ಲಿ.

ಎಲೆಯ ಅಂಚು ಮೇಲಕ್ಕೆ ಸುರುಳಿಕೊಂಡು, ಅಡಿಯಲ್ಲಿ ಬಿಳಿ ಪುಡಿ ಕಂಡರೆ ಬೂದಿ ರೋಗ. ಎಲೆಯಲ್ಲಿ ನೇರಳೆ ಅಂಚಿನ, ನಡುವೆ ಬೆಳ್ಳಗಿನ ಚಿಕ್ಕ ಚುಕ್ಕೆಗಳಿದ್ದರೆ ಎಲೆಚುಕ್ಕೆ ರೋಗ. ಹಣ್ಣಿನಲ್ಲಿ ಒಳಕ್ಕೆ ಕುಸಿದ ಕಂದು-ಕಪ್ಪು ಕಲೆಯಾದರೆ ಚಿಬ್ಬು ರೋಗ. ಮಳೆಹನಿ ಸಿಡಿದಂತೆ ಇದು ಹರಡುತ್ತದೆ. ಗಿಡವೇ ಬಾಡಿದರೆ ಬುಡ ಸೀಳಿ ನೋಡಲೇಬೇಕು. ಬುಡ ಕೊಳೆಸುವವುಗಳಲ್ಲಿ ಫೈಟಾಫ್ತೋರಾ ಒಂದು. ಕರಾವಳಿಯ ನಮ್ಮವರಿಗೆ ಇದರ ಬಂಧು ಹೊಸತಲ್ಲ: ಅಡಿಕೆಯ ಕೊಳೆರೋಗ ತರುವುದು ಇದೇ ಕುಲ. ಮಳೆಗೆ ಮೊದಲೇ ಬೋರ್ಡೋ ದ್ರಾವಣ ಹೊಡೆಸುತ್ತಿದ್ದ ಅಜ್ಜಂದಿರಿಗೆ, ರೋಗ ಬಂದ ಮೇಲೆ ಓಡಾಡಿ ಫಲವಿಲ್ಲವೆಂಬುದು ಗೊತ್ತಿತ್ತು.

ಕಾಕಾ ಮಾಡಿದ ಬದಲಾವಣೆ

ಮರುವರ್ಷ ಅವರು ರೋಗವಿಲ್ಲದ ಸಸಿಯನ್ನು ನೋಡಿ ಆರಿಸಿದರು. ನೀರು ನಿಲ್ಲದಂತೆ ಮಡಿಯನ್ನು ಎತ್ತರಿಸಿದರು. ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಣ್ಣು ಮಣ್ಣಿಗೆ ತಾಗದಂತೆ ಮಾಡಿದರು. ತುಂತುರು ನೀರಾವರಿ ಬಿಟ್ಟು ಹನಿ ನೀರಾವರಿ ಹಾಕಿಸಿದರು. ಗಾಳಿಯಾಡಲು ಗಿಡಗಳ ನಡುವೆ ಅಂತರ ಬಿಟ್ಟರು. ಟೊಮೆಟೊ, ಬದನೆ ಬೆಳೆದ ಜಾಗದಲ್ಲಿ ಸ್ಟ್ರಾಬೆರಿ ನೆಡಲಿಲ್ಲ, ಏಕೆಂದರೆ ಮಣ್ಣಿನಲ್ಲಿ ಉಳಿಯುವ ಕೆಲವು ರೋಗಗಳು ಎರಡಕ್ಕೂ ತಗಲುತ್ತವೆ. ಬೇರಿಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಕೊಟ್ಟರು.

ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ಬೆಳಿಗ್ಗೆ ಸಾಲು ಸಾಲಾಗಿ ನಡೆದು, ಎಲೆ ಮಗುಚಿ ನೋಡುತ್ತಿದ್ದರು. ಬೂಷ್ಟು ಹಿಡಿದ ಹಣ್ಣನ್ನು ಬೇರೆ ಚೀಲಕ್ಕೆ ಹಾಕಿ ತೋಟದ ಹೊರಗೆ ಹೂಳುತ್ತಿದ್ದರು. ಮಾಗಿದ ಹಣ್ಣನ್ನು ಗಿಡದಲ್ಲಿ ಉಳಿಸುತ್ತಿರಲಿಲ್ಲ. ಔಷಧಿ ಹೊಡೆಯಬೇಕಾದಾಗ ರೋಗದ ಹೆಸರು ತಿಳಿದ ಮೇಲೆ ಮಾತ್ರ ಹೊಡೆದರು. ಒಂದೇ ಔಷಧಿಯನ್ನು ಪದೇ ಪದೇ ಹೊಡೆದರೆ ಬೂಷ್ಟು ಅದಕ್ಕೆ ಒಗ್ಗಿಕೊಳ್ಳುತ್ತದೆ. ಹಾಗಾಗಿ ಬೇರೆ ಬೇರೆ ಗುಂಪಿನ ಔಷಧಿ ಬದಲಿಸುತ್ತ, ಕೊಯ್ಲಿಗೆ ಮುನ್ನ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾದರು. ಹಳೆಯ ಸಾಲ, ಹೊಸ ಸಾಲ ಎರಡೂ ತೀರಲು ಎರಡು ಹಂಗಾಮು ಬೇಕಾಯಿತು. ರೋಗ ಪೂರಾ ಹೋಯಿತೆಂದಲ್ಲ, ಹಿಡಿತಕ್ಕೆ ಬಂತು.

ನಮ್ಮ ಮನೆಯಲ್ಲಿ

ಗ್ಯಾಲರಿಯ ಕುಂಡದಲ್ಲಿ ಸ್ಟ್ರಾಬೆರಿ ನೆಟ್ಟವರು ಎಲೆಗೆ ನೀರು ಸುರಿಯದೆ, ಬೆಳಿಗ್ಗೆ ಬುಡಕ್ಕೆ ಹಾಕಿ. ಒಣಗಿದ ಎಲೆ ಕಿತ್ತು ಎಸೆಯಿರಿ. ಹಣ್ಣು ಕೊಳ್ಳುವವರು, ಜ್ಯೂಸ್ ಸೆಂಟರ್ ನಡೆಸುವ ನಮ್ಮ ಹೋಟೆಲ್ ಬಾಂಧವರು ಡಬ್ಬಿಯ ತಳವನ್ನೂ ನೋಡಿ. ಬೂಷ್ಟು ಹಿಡಿದ ಹಣ್ಣನ್ನು ಕೂಡಲೇ ತೆಗೆಯಿರಿ, ಇಲ್ಲವಾದರೆ ಪಕ್ಕದ್ದಕ್ಕೂ ಹರಡುತ್ತದೆ. ತೊಳೆದು ಫ್ರಿಜ್ಜಿನಲ್ಲಿ ಇಡಬೇಡಿ; ತಿನ್ನುವ ಮುಂಚೆ ತೊಳೆಯಿರಿ.

ಮುಂದಿನ ಪ್ರವಾಸದಲ್ಲಿ ಡಬ್ಬಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ಮೊದಲು ಒಮ್ಮೆ ತೋಟದೊಳಗೆ ನಡೆದು ಬನ್ನಿ. ಬೆಳಿಗ್ಗೆ ಬಗ್ಗಿ ಎಲೆ ಮಗುಚಿ ನೋಡುವವರು ಕಂಡರೆ, ಆ ಡಬ್ಬಿಗೆ ಕೇಳಿದ ಬೆಲೆ ಕೊಡಿ.