ಅಭಿಜಿತ್ತಿನ ನೆರೆಯ ಉಂಗುರ

ಆಶ್ವಯುಜದ ರಾತ್ರಿ ಎಂಟು ಗಂಟೆಗೆ ಬಾಗಲಕೋಟೆ, ಹುನಗುಂದ, ಇಳಕಲ್ಲುಗಳಲ್ಲಿ ಮಾಳಿಗೆಯೇರಿ ವಾಯವ್ಯ ದಿಕ್ಕನ್ನು ನೋಡಿದರೆ, ನೀಲಛಾಯೆಯ ಬಿಳಿಯ ತಾರೆಯೊಂದು ಕಣ್ಸೆಳೆಯುತ್ತದೆ. ಅದೇ ಅಭಿಜಿತ್. ಅದರ ಸಮೀಪದಲ್ಲಿ, ವೀಣಾಮಂಡಲದ ಎರಡು ಚಿಕ್ಕ ತಾರೆಗಳ ನಡುವೆ, ಬರಿಗಣ್ಣಿಗೆ ಕಾಣದ ಉಂಗುರವೊಂದಿದೆ. ಖಗೋಲಜ್ಞರು ಇದನ್ನು ಗ್ರಹ ನೀಹಾರಿಕೆಗಳ ವರ್ಗಕ್ಕೆ ಸೇರಿಸಿದ್ದಾರೆ. ಇಂದು ನಾವು ಕಾಣುವ ಅದರ ಬೆಳಕು, ಒಂದನೆಯ ಪುಲಿಕೇಶಿಯು 543ರಲ್ಲಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸುವುದಕ್ಕೂ ಬಹು ಮೊದಲೇ ಹೊರಟದ್ದು.

ಗ್ರಹವೆಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಮನೆಗಳಲ್ಲಿ ಪೀಡೆ, ಶಾಂತಿಗಳ ನೆನಪಾಗುವುದುಂಟು. ಇಲ್ಲಿ ಆ ಶಂಕೆಗೆ ಎಡೆಯಿಲ್ಲ. 1781ರಲ್ಲಿ ಯುರೇನಸ್ಸನ್ನು ಕಂಡುಹಿಡಿದ ವಿಲಿಯಂ ಹರ್ಷೆಲನು, ಇಂತಹ ಕೆಲವು ನೀಹಾರಿಕೆಗಳು ದೂರದರ್ಶಕದಲ್ಲಿ ಗ್ರಹಬಿಂಬದಂತೆ ದುಂಡಗೆ ತೋರಿದ್ದರಿಂದ ಈ ಹೆಸರಿಟ್ಟನು. ಗ್ರಹಗಳಿಗೂ ಇವಕ್ಕೂ ಬೇರೆ ಸಂಬಂಧವಿಲ್ಲ. 1864ರಲ್ಲಿ ವಿಲಿಯಂ ಹಗಿನ್ಸನು ಇಂತಹುದೊಂದರ ಬೆಳಕನ್ನು ಬಿಡಿಸಿ ನೋಡಿ, ಅದು ಬೆಳಗುವ ಅನಿಲವೆಂದು ನಿರ್ಣಯಿಸಿದನು.

ಇದರ ರಚನೆ ಹೀಗೆ: ಸೂರ್ಯನಂತಹ ತಾರೆಯು ಮುಪ್ಪಿನಲ್ಲಿ ಉಬ್ಬಿ, ಕೆಂಪಾಗಿ, ತನ್ನ ಹೊರಪದರಗಳನ್ನು ಚೆಲ್ಲುತ್ತದೆ. ನಡುವೆ ಉಳಿದ ತಿರುಳು ಅತ್ಯಂತ ಬಿಸಿಯಾಗಿ ಅತಿನೇರಿಳೆ ಕಿರಣಗಳನ್ನು ಸೂಸಲು, ಚೆಲ್ಲಿದ ಅನಿಲ ಬೆಳಗುತ್ತದೆ. ಒಳಗೆ ಆಮ್ಲಜನಕದ ಹಸುರು, ಹೊರಗೆ ಜಲಜನಕ, ಸಾರಜನಕಗಳ ಕೆಂಪು. ಇಳಕಲ್ಲ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಎಂಬಂತೆ. ಅನಿಲವು ಸೆಕೆಂಡಿಗೆ ಸುಮಾರು 20-30 ಕಿಲೋಮೀಟರು ವೇಗದಿಂದ ಹರಡುತ್ತ, ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಬಯಲಲ್ಲಿ ಬಯಲಾಗುತ್ತದೆ.

ಈ ಶೋಧನೆಯಲ್ಲಿ ಕನ್ನಡನಾಡಿನ ಪಾಲೂ ಉಂಟು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಿಳೆ ದೂರದರ್ಶಕವು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳುತನದಲ್ಲಿ ಹೊಸಕೋಟೆಯಲ್ಲಿ ಸಿದ್ಧವಾಯಿತು. ಅದರ ನೆರವಿನಿಂದ ಎನ್. ಕಾಮೇಶ್ವರ ರಾವ್ ಅವರೂ ಸಂಗಡಿಗರೂ ಎನ್‌ಜಿಸಿ 40 ಎಂಬ ಗ್ರಹ ನೀಹಾರಿಕೆಯ ಸುತ್ತ ಅತಿನೇರಿಳೆಯ ಪರಿವೇಷವನ್ನು ಕಂಡು 2018ರಲ್ಲಿ ಪ್ರಕಟಿಸಿದರು.

ಮಕ್ಕಳಿಗೆ ಚಿಕ್ಕ ದೂರದರ್ಶಕದಲ್ಲಿ ಇದನ್ನು ತೋರಿಸುವವರು ಒಂದು ಮಾತನ್ನು ಮೊದಲೇ ಹೇಳಬೇಕು. ಅಚ್ಚಿನ ಚಿತ್ರಗಳ ಬಣ್ಣ ಅಲ್ಲಿರದು. ಬೂದುಬಣ್ಣದ ಹೊಗೆಯುಂಗುರ ಮಾತ್ರ ಕಂಡೀತು. ಹೇಳದಿದ್ದರೆ ಮಗು ಆಕಾಶವನ್ನೇ ಸುಳ್ಳೆಂದೀತು.

ನಮ್ಮ ಸೂರ್ಯನಿಗೂ ಮುಪ್ಪು ಬರುವುದೇ ಎಂದು ಮಕ್ಕಳು ಕೇಳಿಯೇ ಕೇಳುವರು. ಮರೆಮಾಚಬಾರದು, ಹೆದರಿಸಲೂಬಾರದು. ಬರುವುದು, ಆದರೆ ಅದಕ್ಕೆ ಇನ್ನೂ ಸುಮಾರು 500 ಕೋಟಿ ವರ್ಷಗಳ ಅವಧಿಯಿದೆ. ಜೊತೆಗೆ ಇದನ್ನೂ ಹೇಳೋಣ: ನಾವುಣ್ಣುವ ಜೋಳದ ರೊಟ್ಟಿಯಲ್ಲಿ, ಉಣ್ಣುವ ಈ ದೇಹದಲ್ಲಿ ಇರುವ ಇಂಗಾಲ, ಸಾರಜನಕಗಳಲ್ಲಿ ಬಹಳಷ್ಟು, ಎಂದೋ ಮಡಿದ ಇಂತಹ ತಾರೆಗಳು ಬಿಟ್ಟುಹೋದ ಆಸ್ತಿ.